ಏಳನೇ ಬೆಲ್ಟಿನ ಬೀಗ

ಕೊನೆಯ ರೈಲು ಹೋದದ್ದು ಫೆಬ್ರವರಿಯಲ್ಲಿ. ಮುನ್ನೂರ ನಲವತ್ತು ಜನ ಕೆಲಸ ಮಾಡುತ್ತಿದ್ದ ಡನ್‌ಬ್ಯಾರಾ ಕಲ್ಲಿದ್ದಲು ಗಣಿಯಲ್ಲಿ ಏಪ್ರಿಲ್ ಹೊತ್ತಿಗೆ ಉಳಿದದ್ದು ನಾನೊಬ್ಬನೇ, ಕಾವಲಿಗೆ. ಆದರೆ ಕಂಟ್ರೋಲ್ ರೂಮಿನ ಪರದೆ ಅದನ್ನು ಒಪ್ಪುತ್ತಿರಲಿಲ್ಲ. ನಾನು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿರುವಾಗಲೂ ಅದರ ಬಲಮೂಲೆಯಲ್ಲಿ ಒಂದು ಸಾಲು ಕೆಂಪಗೆ ಕಾಣುತ್ತಿತ್ತು. ಬೆಲ್ಟ್ 7. ಕೆಲಸದಲ್ಲಿರುವವರು: 1.

ಆ ಒಬ್ಬ ಕ್ಲೆಮ್ ಹಾರ್ಗನ್. ಅವನು ಸತ್ತು ಒಂಬತ್ತು ವರ್ಷವಾಗಿತ್ತು.

ನಮ್ಮಲ್ಲಿ ನಿಯಮ ಹೀಗಿದೆ. ಕಲ್ಲಿದ್ದಲು ಸಾಗಿಸುವ ಬೆಲ್ಟನ್ನು ರಿಪೇರಿ ಮಾಡಲು ಹೋಗುವವನು ಮೊದಲು ಅದರ ಮೇನ್ ಸ್ವಿಚ್ ಇಳಿಸಿ, ಹಿಡಿಗೆ ತನ್ನ ಕೆಂಪು ಬೀಗ ಹಾಕಬೇಕು. ಕೀ ಅವನ ಜೇಬಿನಲ್ಲೇ ಇರಬೇಕು. ಬೀಗಕ್ಕೆ ಅವನ ಹೆಸರು, ಫೋಟೋ ಇರುವ ಬಿಲ್ಲೆ. ಹತ್ತು ಜನ ಹೋದರೆ ಹತ್ತು ಬೀಗ, ಪರದೆಯ ಮೇಲೂ ಹತ್ತು ಜನ. ಕೊನೆಯವನು ಬಂದು ತನ್ನದನ್ನು ತೆಗೆಯುವವರೆಗೆ ಬೆಲ್ಟ್ ತಿರುಗುವುದಿಲ್ಲ. ಒಬ್ಬನ ಬೀಗವನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ನನ್ನಪ್ಪನ ಕಾಲದಲ್ಲಿ ಮುಟ್ಟುತ್ತಿದ್ದರು. ಅಪ್ಪನ ಎಡಗೈಯಲ್ಲಿ ಎರಡೇ ಬೆರಳಿದ್ದವು.

ಬೀಗ ತೆಗೆಯುವುದನ್ನು ಮರೆತು ಮನೆಗೆ ಹೋದವನನ್ನು ಎಲ್ಲಿಂದಾದರೂ ವಾಪಸ್ ಕರೆಸುತ್ತಾರೆ. ಬರುವಾಗ ಅವನು ಒಂದು ಪೆಟ್ಟಿಗೆ ಬಿಯರ್ ತಂದು ತಂಡಕ್ಕೆ ಕೊಡಬೇಕು. ಇದು ಯಾವ ಕಾಗದದಲ್ಲೂ ಬರೆದಿಲ್ಲ. ಆದರೂ ತರದೆ ಬಂದವನನ್ನು ನಾನು ಕಂಡಿಲ್ಲ.

ಕ್ಲೆಮ್ ರಾತ್ರಿ ಪಾಳಿ ಮುಗಿಸಿ ಏಳೂಕಾಲಿಗೆ ಮನೆ ಸೇರಿದ್ದ. ಹನ್ನೊಂದಕ್ಕೆ ರೈಲಿತ್ತು, ಏಳನೇ ಬೆಲ್ಟಿನಿಂದ ತುಂಬಬೇಕಿತ್ತು. ಹೋಗಿ ನೋಡಿದರೆ ಸ್ವಿಚ್ಚಿಗೆ ಅವನ ಬೀಗ. ಒಂಬತ್ತು ಗಂಟೆಗೆ ಅವನ ಮನೆಗೆ ಫೋನ್ ಮಾಡಿದವನು ನಾನು, ಲೈಲ್ ಟ್ರಾಂಟರ್. ಹತ್ತೂ ಇಪ್ಪತ್ತಕ್ಕೆ, ಗಣಿಗೆ ಆರು ಮೈಲಿ ಇರುವಾಗ, ಅವನ ಪಿಕಪ್ ರಸ್ತೆ ಬಿಟ್ಟು ಮರಕ್ಕೆ ಹೊಡೆಯಿತು. ನಿದ್ದೆ.

ಬೇರೆಯವರ ಬೀಗ ಕತ್ತರಿಸಲು ಹನ್ನೊಂದು ಪುಟದ ಫಾರ್ಮ್ ಇದೆ. ಮೂರನೇ ಪುಟದಲ್ಲಿ ಒಂದು ಪ್ರಶ್ನೆ: ಬೀಗದ ಒಡೆಯನನ್ನು ಸಂಪರ್ಕಿಸಿದವರು ಯಾರು, ಎಷ್ಟು ಗಂಟೆಗೆ? ಅದನ್ನು ತುಂಬಿದರೆ ಕ್ಲೆಮ್ ಕೆಲಸಕ್ಕೆ ಬರುತ್ತಾ ಸತ್ತ ಹಾಗಾಗುತ್ತಿತ್ತು, ಹೊಣೆ ಗಣಿಯ ಮೇಲೆ ಬರುತ್ತಿತ್ತು. ತುಂಬದಿದ್ದರೆ ಎಲ್ಲಿಗೋ ಹೋಗುತ್ತಾ ಸತ್ತ ಹಾಗೆ. ನಮ್ಮ ಸೂಪರ್‌ವೈಸರ್ ಒಂದು ದಿನ ಯೋಚಿಸಿದ. "ಎಂಟನೇ ಬೆಲ್ಟ್ ಇದೆಯಲ್ಲ, ಅದರಲ್ಲೇ ನಡೆಸಿ," ಅಂದ. ಕಂಟ್ರೋಲ್ ರೂಮಿನಲ್ಲಿ ಆ ಬೆಳಿಗ್ಗೆ ಇದ್ದವರು ಮೂರೇ ಜನ. ಸೂಪರ್‌ವೈಸರ್ ಈಗ ಕ್ವೀನ್ಸ್‌ಲ್ಯಾಂಡಿನ ಸಮುದ್ರದ ದಡದಲ್ಲಿ ಮೀನು ಹಿಡಿಯುತ್ತಾನೆ. ಡಾರ್ಸಿ ಅನ್ನುವವನು ಕ್ಯಾನ್ಸರಿನಲ್ಲಿ ಹೋದ. ಉಳಿದವನು ನಾನು.

ಬೀಗ ಮಾತ್ರ ಹಾಗೇ ಇತ್ತು. ಬಿಲ್ಲೆಯ ಫೋಟೋ ಬಿಸಿಲಿಗೆ ಮಾಸಿ ಮಾಸಿ ಮುಖ ಹೋಯಿತು, ಹಲ್ಲು ಉಳಿಯಿತು. ಹೊಸದಾಗಿ ಸೇರಿದವರು ಆ ಕಡೆ ಹಾದುಹೋಗುವಾಗ "ಗುಡ್ ಮಾರ್ನಿಂಗ್ ಕ್ಲೆಮ್" ಅನ್ನುತ್ತಿದ್ದರು. ಹಳಬರು ಅನ್ನುತ್ತಿರಲಿಲ್ಲ, ತಲೆ ತಗ್ಗಿಸಿ ನಡೆಯುತ್ತಿದ್ದರು. ಗೇಟಿನ ಹೊರಗೆ ಆ ಬೀಗದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಪಾಳಿ ಬದಲಾಗುವಾಗ ಜನ ಎಣಿಸಿದರೆ ಯಾವಾಗಲೂ ಒಬ್ಬ ಹೆಚ್ಚು. "ಒಬ್ಬ ಒಳಗಿದ್ದಾನೆ," ಅಂತ ಹೇಳಿ ನಾವು ಮುಂದಿನ ಪಾಳಿಯವನಿಗೆ ಕುರ್ಚಿ ಬಿಟ್ಟುಕೊಡುತ್ತಿದ್ದೆವು. ಆಮೇಲೆ ಅದು ಅಭ್ಯಾಸವಾಯಿತು. ಎಲ್ಲರೂ ಹೋದ ಮೇಲೆ ಆ ಮಾತು ಹೇಳಲು ನನಗೆ ಯಾರೂ ಇರಲಿಲ್ಲ. ಆದರೂ ಸಂಜೆ ಬಾಗಿಲು ಹಾಕುವಾಗ ಬಾಯಿಗೆ ಬರುತ್ತಿತ್ತು.

ಮೇ ತಿಂಗಳಲ್ಲಿ ಟೆಸ್ಸಾ ಮಾಲೂಫ್ ಬಂದಳು. ಹೊಸ ಕಂಪನಿಯ ಇಂಜಿನಿಯರ್, ಇಪ್ಪತ್ತೆಂಟು ವರ್ಷ, ಬೂಟು ಮಸಿ ಹತ್ತದೆ ಇನ್ನೂ ಹಳದಿಯಾಗೇ ಇತ್ತು. ಜಪಾನಿನವರು ನಮ್ಮ ಕಲ್ಲಿದ್ದಲು ಕೊಳ್ಳುವುದನ್ನು ನಾಲ್ಕು ವರ್ಷ ಮೊದಲೇ ನಿಲ್ಲಿಸಿದ್ದರು. ನ್ಯೂಕ್ಯಾಸಲ್ ಬಂದರಿನ ಹೊರಗೆ ಕಲ್ಲಿದ್ದಲಿಗೆ ಕಾದು ಸಾಲುಗಟ್ಟಿ ನಿಲ್ಲುತ್ತಿದ್ದ ಹಡಗುಗಳು ಈಗ ಮೂರೋ ನಾಲ್ಕೋ. ಟೆಸ್ಸಾಳ ಕಂಪನಿಗೆ ಬೇಕಾದದ್ದು ನಾವು ಅಗೆದ ಗುಂಡಿ, ನಮ್ಮ ಕರೆಂಟಿನ ತಂತಿ, ನಮ್ಮ ಟವರುಗಳು. ಗುಂಡಿಗೆ ನೀರು ತುಂಬುತ್ತಾರೆ. ಹಗಲು ಬಿಸಿಲಿನ ಕರೆಂಟಿನಲ್ಲಿ ಆ ನೀರನ್ನು ಗುಡ್ಡದ ಮೇಲಿನ ಕೆರೆಗೆ ಎತ್ತುತ್ತಾರೆ, ಸಂಜೆ ಕೆಳಗೆ ಬಿಟ್ಟು ಮತ್ತೆ ಕರೆಂಟು ಮಾಡುತ್ತಾರೆ. ಪಬ್ಬಿನಲ್ಲಿ ಕಂಪನಿಯವರು ಇದನ್ನು ವಿವರಿಸಿದಾಗ ಒಬ್ಬ ಮುದುಕ ಗ್ಲಾಸು ಕೆಳಗಿಟ್ಟು ಕೇಳಿದ್ದ: "ಸರಿ ಮಾರಾಯ, ಬಿಸಿಲನ್ನ ಹಡಗಿಗೆ ಹೆಂಗೆ ತುಂಬ್ತೀರಿ?" ದೇಶಕ್ಕೆ ದೇಶವೇ ಅದನ್ನು ಕೇಳಿಕೊಳ್ಳುತ್ತಿತ್ತು ಅನ್ನಿ. ನಮ್ಮ ಊರಿಗೆ ಗೊತ್ತಿದ್ದ ಲೆಕ್ಕ ಇಷ್ಟೇ: ಮುನ್ನೂರ ನಲವತ್ತು ಜನರ ಜಾಗದಲ್ಲಿ ಹನ್ನೊಂದು ಜನ. ಅದರಲ್ಲಿ ಒಂದು ಕೆಲಸ ನನ್ನದು ಅಂತ ಟೆಸ್ಸಾ ಮಾತು ಕೊಟ್ಟಿದ್ದಳು. ನನಗೆ ಐವತ್ತಾರು. ಬೇರೆ ಯಾರೂ ಮಾತು ಕೊಡುವ ವಯಸ್ಸಲ್ಲ.

ಅವಳು ಪರದೆ ನೋಡಿದಳು. "ಇದೇನು, ಒಬ್ಬರು ಕೆಲಸದಲ್ಲಿದ್ದಾರೆ ಅಂತಿದೆ?"

"ಇದ್ದಾನೆ."

"ಯಾರು?"

ಕರೆದುಕೊಂಡು ಹೋಗಿ ತೋರಿಸಿದೆ. ಅವಳು ಬಿಲ್ಲೆಯನ್ನು ಬೆರಳಿನಿಂದ ತಿರುಗಿಸಲು ಹೋಗಿ, ಕೈ ಹಿಂದಕ್ಕೆ ತೆಗೆದುಕೊಂಡಳು. ಹೊಸಬಳಾದರೂ ಅಷ್ಟು ಗೊತ್ತಿತ್ತು.

"ಇದು ಸೊನ್ನೆ ಆಗದೆ ನಾನು ಕರೆಂಟ್ ಲೈನ್ ತಗೊಳ್ಳೋ ಹಾಗಿಲ್ಲ ಲೈಲ್. ಫಾರ್ಮ್ ತುಂಬಿ ಕತ್ತರಿಸೋಣ. ಇಲ್ಲಾ ಅಂದ್ರೆ ಮನೆಯವರ ಹತ್ರ ಕೀ ಇದ್ರೆ, ಅವರೇ ಬಂದು ತೆಗೀಬಹುದು. ಆಗ ಬರೀ ಒಂದು ಪುಟ."

"ಕೀ ನಾನು ತರ್ತೀನಿ," ಅಂದೆ. ಅಷ್ಟು ಬೇಗ ಹೇಳಿದ್ದಕ್ಕೆ ಅವಳು ನನ್ನ ಮುಖ ನೋಡಿದಳು.

ಕ್ಲೆಮ್‌ನ ಹೆಂಡತಿ ನೊರೀನ್ ನಮ್ಮ ಊರಿನಲ್ಲೇ, ಮುಚ್ಚಿದ ಬೌಲಿಂಗ್ ಕ್ಲಬ್ಬಿನ ಎದುರು ಇದ್ದಳು. ಶಾಲೆಯ ಕ್ಯಾಂಟೀನಿನಲ್ಲಿ ಇಪ್ಪತ್ತು ವರ್ಷ ಸ್ಯಾಂಡ್‌ವಿಚ್ ಮಾಡಿದವಳು. ಶವಸಂಸ್ಕಾರದ ನಂತರ ನಾನು ಆ ಬೀದಿಯಲ್ಲಿ ಗಾಡಿ ಓಡಿಸಿದ್ದೂ ಕಡಿಮೆ.

ಬಾಗಿಲು ತೆಗೆದವಳೇ, "ಯಾರು ಸತ್ರು?" ಅಂದಳು.

"ಯಾರೂ ಇಲ್ಲ."

"ಮತ್ತೆ ಒಂಬತ್ತು ವರ್ಷದ ಮೇಲೆ ಈ ಕಡೆ ದಾರಿ ಹೆಂಗೆ ಸಿಕ್ತು ನಿಂಗೆ? ಬಾ ಒಳಗೆ. ಬೂಟು ಹೊರಗೆ ಬಿಡು. ಗಣಿ ಮುಚ್ಚಿದ್ರೂ ನಿಮ್ಮ ಬೂಟಿನ ಮಸಿ ಮುಗಿಯಲ್ಲ."

ಅಡುಗೆಮನೆಯಲ್ಲಿ ಉಪ್ಪಿನಲ್ಲಿ ನೆನೆಸಿ ಬೇಯಿಸಿದ ಬೀಫ್ ಹೆಚ್ಚುತ್ತಿದ್ದಳು. ಕೇಳದೆಯೇ ಎರಡು ಬ್ರೆಡ್ಡಿಗೆ ಸಾಸಿವೆ ಹಚ್ಚಿ ನನಗೂ ಒಂದು ಮಾಡಿದಳು. ಫ್ರಿಜ್ಜಿನ ಪಕ್ಕ ಮೊಳೆಗೆ ಕೀಗೊಂಚಲು ನೇತಾಡುತ್ತಿತ್ತು. ಅದರಲ್ಲಿ ಕೆಂಪು ತಲೆಯ ಕೀ. ನಾನು ಅದನ್ನೇ ನೋಡುತ್ತಿರುವುದು ಅವಳಿಗೆ ಕಂಡಿತು.

"ಪೊಲೀಸರು ಕೊಟ್ಟ ಗೊಂಚಲು," ಅಂದಳು. "ಮನೇದು, ಶೆಡ್ಡಿಂದು, ಪಿಕಪ್ಪಿಂದು. ಆ ಕೆಂಪುದು ಮಾತ್ರ ಯಾವುದಕ್ಕೂ ಆಗ್ಲಿಲ್ಲ. ಪಕ್ಕದ ಮನೆ ಗ್ಯಾರೇಜಿಗೂ ಹಾಕಿ ನೋಡ್ದೆ. ನಗಬೇಡ. ಇನ್ನೊಂದು ಮನೆ ಮಾಡಿದ್ನೇನೋ ಅಂತ್ಲೂ ಯೋಚ್ನೆ ಬಂದಿತ್ತು."

"ಅದು ಗಣೀದು."

"ಯಾವುದರದ್ದು?"

ಬಟ್ಟೆ ಇಡುವ ಪೆಟ್ಟಿಗೆಯದು ಅನ್ನಬಹುದಿತ್ತು. ಆ ಸುಳ್ಳನ್ನು ದಾರಿಯಲ್ಲೇ ತಯಾರು ಮಾಡಿಕೊಂಡು ಬಂದಿದ್ದೆ. ಆದರೆ ಅವಳು ಕಾಯಲಿಲ್ಲ, ತನ್ನ ಮಾತು ಮುಂದುವರಿಸಿದಳು.

"ಏನಾದ್ರೂ ಆಗ್ಲಿ ಬಿಡು. ಎರಡನೇ ಮನೆ ಇದ್ದಿದ್ರೆ ಎಷ್ಟೋ ವಾಸಿ ಇತ್ತು. ನಾಲ್ಕು ವರ್ಷ ಒಂದು ತೊಟ್ಟು ಮುಟ್ಟಿರ್ಲಿಲ್ಲ ಅವನು. ನಿಂಗೊತ್ತಲ್ಲ?"

"ಗೊತ್ತು."

"ಮದ್ಯದಂಗಡಿಯವಳು ಪೊಲೀಸರಿಗೆ ಹೇಳಿದ್ಲು, ಹತ್ತು ಗಂಟೆಗೆ ಬಾಗಿಲು ತೆಗೆಯೋಕೆ ಮೊದಲೇ ಬಂದು ನಿಂತಿದ್ದ ಅಂತ. ಬಾಗಿಲಿಗೆ ಒರಗಿ ನಿಂತಿದ್ದನಂತೆ. ಕುಡುಕರು ನಿಲ್ತಾರಲ್ಲ, ಹಾಗೆ. ರಾತ್ರಿಯಿಡೀ ದುಡಿದು, ನಾನು ಕೆಲಸಕ್ಕೆ ಹೋಗೋವರೆಗೆ ಮಲಗಿದ ಹಾಗೆ ನಟಿಸಿ, ಎದ್ದು ಹೋಗಿ ಒಂದು ಪೆಟ್ಟಿಗೆ ಬಿಯರ್ ತಗೊಂಡಿದ್ದಾನೆ. ಸತ್ತಿದ್ದಕ್ಕೆ ಅಳೋಕೂ ಬಿಡ್ಲಿಲ್ಲ ನನ್ಮಗ."

ಅವಳು ಡ್ರಾಯರ್ ಎಳೆದು, ರಬ್ಬರ್ ಬ್ಯಾಂಡುಗಳ ಕೆಳಗಿನಿಂದ ಒಂದು ಕಂಚಿನ ಬಿಲ್ಲೆ ತೆಗೆದು ಮೇಜಿನ ಮೇಲೆ ಎಸೆದಳು. ಕುಡಿತ ಬಿಟ್ಟವರ ಕೂಟದಲ್ಲಿ ವರ್ಷಕ್ಕೊಂದು ಕೊಡುವಂಥದು. ಮೇಲೆ ನಾಲ್ಕು ಅಂತಿತ್ತು.

"ಶವಪೆಟ್ಟಿಗೇಲಿ ಅವನ ಜೊತೆ ಇಡಬೇಕು ಅಂತ ಇದ್ದೆ. ಇಡ್ಲಿಲ್ಲ."

ಅರ್ಧ ತಿಂದ ಸ್ಯಾಂಡ್‌ವಿಚ್ಚನ್ನು ತಟ್ಟೆಯಲ್ಲಿಟ್ಟೆ.

"ಬಿಯರ್ ಅವನಿಗಲ್ಲ ನೊರೀನ್. ನಮಗೆ."

ಅವಳ ಚಾಕು ನಿಂತಿತು.

ಹೇಳಿದೆ. ಬೀಗ, ನಿಯಮ, ಎರಡು ಬಗೆಯ ಫಾರ್ಮು, ಫೋನು, ಬಿಯರ್ ಪೆಟ್ಟಿಗೆ. ಅವನು ಕುಡಿಯುವುದನ್ನು ಬಿಟ್ಟಿದ್ದು ಗೊತ್ತಿದ್ದೂ, ಗೊತ್ತಿದ್ದದ್ದಕ್ಕೇ, ಪೆಟ್ಟಿಗೆ ಮರೀಬೇಡ ಅಂತ ಎರಡು ಸಲ ಹೇಳಿದ್ದನ್ನೂ ಹೇಳಿದೆ. ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ನಕ್ಕಿದ್ದೆವು. ಫೋನಿನಲ್ಲಿ ಅವನೂ ನಕ್ಕಿದ್ದ. "ಅಂಗಡಿ ಹತ್ತಕ್ಕೆ ತೆಗೀತಾರೆ ಕಣ್ರೋ, ಸ್ವಲ್ಪ ತಡ ಆಗುತ್ತೆ," ಅಂದಿದ್ದ.

"ಮನೆ ಫೋನಿಗೆ ಮಾಡಿದ್ದಾ?"

"ಹೌದು."

"ಅವನು ಹೊರಟಿದ್ದು?"

"ಒಂಬತ್ತೂ ನಲವತ್ತಕ್ಕೆ ಇರಬೇಕು."

"ರೈಲು ತುಂಬಿದ್ರಾ ಆಮೇಲೆ? ಅವನು ಬರ್ದೆ?"

ಈ ಪ್ರಶ್ನೆ ಬರುತ್ತದೆ ಅಂತ ಒಂಬತ್ತು ವರ್ಷದಿಂದ ಗೊತ್ತಿತ್ತು.

"ರೈಲು ಬರ್ಲೇ ಇಲ್ಲ. ಹಡಗು ದಡಕ್ಕೆ ಬಂದಿಲ್ಲ, ರೈಲು ರದ್ದು ಅಂತ ಬಂದರಿನವರು ಹೇಳಿದ್ರು. ಒಂಬತ್ತೂ ಇಪ್ಪತ್ತಕ್ಕೆ."

ಅವಳು ಮನಸ್ಸಿನಲ್ಲೇ ಕಳೆಯುವುದು ನನಗೆ ಕಾಣುತ್ತಿತ್ತು.

"ಇಪ್ಪತ್ತು ನಿಮಿಷ ಇತ್ತು ನಿಂಗೆ."

"ಇತ್ತು."

"ಬರಬೇಡ, ಮಲಕ್ಕೋ ಅಂತ ಹೇಳಬಹುದಿತ್ತು."

"ಹೇಳಬಹುದಿತ್ತು. ಹೇಳೋಕೆ ಅಂತ ಡಾರ್ಸಿ ಫೋನ್ ಎತ್ತಿದ್ದ. ಬರ್ಲಿ ಬಿಡೋ, ಬಿಯರ್ ತರ್ತಾನೆ ಅಂತ ನಾನೇ ಬೇಡ ಅಂದೆ."

ನೊರೀನ್ ಅಳಲಿಲ್ಲ. ಬೀಫನ್ನು ಕಾಗದದಲ್ಲಿ ಸುತ್ತಿ ಫ್ರಿಜ್ಜಿಗಿಟ್ಟಳು. ನನ್ನ ತಟ್ಟೆ ತೆಗೆದು, ಉಳಿದರ್ಧ ಸ್ಯಾಂಡ್‌ವಿಚ್ಚನ್ನು ಕಸದ ಬುಟ್ಟಿಗೆ ಹಾಕಿ, ತಟ್ಟೆ ತೊಳೆದಳು. ಆಮೇಲೆ ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಕೀ ಕೊಡಲ್ಲ. ನಾನೇ ಬರ್ತೀನಿ. ಆದ್ರೆ ಆ ಒಂದು ಪುಟದ ಫಾರ್ಮ್ ಬೇಡ. ದೊಡ್ಡದನ್ನ ತುಂಬು. ಇದೆಲ್ಲಾ ಅದ್ರಲ್ಲಿ ಬರಿ."

"ಬರೆದ್ರೆ ನನ್ನ ಕೆಲಸ ಹೋಗುತ್ತೆ."

"ಹೋಗ್ಲಿ," ಅಂದಳು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬಂದಳು, ಚರ್ಚಿಗೆ ಹೋಗುವ ಕೋಟು, ತಲೆಗೆ ನಾವು ಕೊಟ್ಟ ಹೆಲ್ಮೆಟ್. ಟೆಸ್ಸಾ ಕೈ ಕುಲುಕಿ ಏನೋ ಸಮಾಧಾನದ ಮಾತು ಹೇಳಲು ಹೋದಳು. "ಎಲ್ಲಿದೆ ತೋರ್ಸಮ್ಮ," ಅಂದಳು ನೊರೀನ್.

ಹನ್ನೊಂದು ಪುಟ ತುಂಬಲು ನನಗೆ ಒಂದು ಗಂಟೆ ಹಿಡಿಯಿತು. ಮೂರನೇ ಪುಟ: ಸಂಪರ್ಕಿಸಿದವರು ಲೈಲ್ ಟ್ರಾಂಟರ್, ಬೆಳಿಗ್ಗೆ 9:00. ರೈಲು ರದ್ದಾದ ಸುದ್ದಿ 9:20. ಒಡೆಯನಿಗೆ ತಿಳಿಸಲಾಯಿತೇ? ಇಲ್ಲ. ಕಾರಣ ಎಂಬಲ್ಲಿ ಎರಡು ಗೆರೆಯ ಜಾಗ ಮಾತ್ರ ಇತ್ತು. ಬಿಯರ್ ಅಂತ ಬರೆದೆ. ಟೆಸ್ಸಾ ಓದಿದಳು. ಎರಡನೇ ಸಲ ಓದುವಾಗ ಕೂತುಕೊಂಡಳು.

"ಇದು ಗಣಿ ಇನ್‌ಸ್ಪೆಕ್ಟರಿಗೆ ಹೋಗುತ್ತೆ ಲೈಲ್. ನಾನು ತಡೆಯೋಕಾಗಲ್ಲ."

"ತಡೀಬೇಡಿ."

ಸ್ವಿಚ್ಚಿನ ಹತ್ತಿರ, ನಿಯಮದಂತೆ, ಹಳೆಯ ಬೀಗ ತೆಗೆಯುವ ಮೊದಲು ನನ್ನ ಬೀಗ ಹಾಕಿದೆ. ನೊರೀನ್ ಕೀ ತೂರಿಸಿದಳು. ತುಕ್ಕು ಹಿಡಿದಿತ್ತು, ತಿರುಗಲಿಲ್ಲ. ಎಣ್ಣೆ ಬಿಡಲು ನಾನು ಕೈ ಚಾಚಿದೆ. "ಮುಟ್ಟಬೇಡ," ಅಂದಳು. ಟೆಸ್ಸಾ ಎಣ್ಣೆ ಬಿಟ್ಟಳು. ಮೂರನೇ ಸಲಕ್ಕೆ ತೆರೆಯಿತು. ನೊರೀನ್ ಬಿಲ್ಲೆಯನ್ನು ಬೆಳಕಿಗೆ ಹಿಡಿದು, ಮುಖವಿಲ್ಲದ ಆ ಹಲ್ಲನ್ನು ಬಹಳ ಹೊತ್ತು ನೋಡಿದಳು.

"ನಗ್ತಾ ಇದ್ದಾನೆ," ಅಂದಳು. ಬೀಗವನ್ನು ಕೋಟಿನ ಜೇಬಿಗೆ ಹಾಕಿಕೊಂಡು, ನನ್ನ ಕಡೆ ನೋಡದೆ ಕಾರಿನ ಹತ್ತಿರ ನಡೆದಳು. ಒಂದು ಕಡೆ ಜೇಬು ಭಾರಕ್ಕೆ ಜಗ್ಗಿತ್ತು. ನಾನು ಅವಳ ಹಿಂದೆ ಗೇಟಿನವರೆಗೂ ಹೋದೆ. ಅವಳು ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಟ್ಟು ಹೊರಟಳು. ಮತ್ತೆ ಒಳಗೆ ಹೋಗಲು ನನಗೆ ಮನಸ್ಸಾಗಲಿಲ್ಲ. ಅಲ್ಲಿಂದಲೇ ಮನೆಗೆ ಹೋದೆ.

ಹನ್ನೆರಡೂವರೆಗೆ ಮನೆ ಫೋನು ಹೊಡೆದುಕೊಂಡಿತು. ಟೆಸ್ಸಾ.

"ಲೈಲ್, ಪರದೆ ಇನ್ನೂ ಒಂದು ಅಂತಾನೇ ತೋರಿಸ್ತಿದೆ."

"ಅವನ ಬೀಗ ತೆಗೆದಾಯ್ತಲ್ಲ."

"ಅವರದ್ದಲ್ಲ. ನಿಮ್ಮದು. ಬಿಟ್ಟು ಹೋಗಿದ್ದೀರಿ."

ಪ್ಯಾಂಟಿನ ಜೇಬು ಮುಟ್ಟಿ ನೋಡಿದೆ. ಕೀ ಇತ್ತು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಮರೆತವನಲ್ಲ ನಾನು.

"ನಾಳೆ ಬಂದ್ರೂ ಆಗುತ್ತೆ," ಅಂದಳು. "ಅವಸರ ಏನಿಲ್ಲ. ನಿದ್ದೆ ಮಾಡಿ ಬನ್ನಿ. ಕೇಳಿಸ್ತಾ ಲೈಲ್? ಈಗ ಹೊರಡಬೇಡಿ."

ಅವಳ ದನಿಯಲ್ಲಿ ಹೆದರಿಕೆ ಇತ್ತು. ಆಯಿತು ಅಂದೆ.

ಫೋನಿಟ್ಟು, ಬೂಟು ಹಾಕಿಕೊಂಡೆ. ಮದ್ಯದಂಗಡಿ ಅದೇ ಜಾಗದಲ್ಲಿದೆ, ಅವತ್ತು ಕ್ಲೆಮ್‌ಗೆ ಬಿಯರ್ ಕೊಟ್ಟವಳೇ ಈಗಲೂ ಗಲ್ಲಾದಲ್ಲಿ ಕೂರುತ್ತಾಳೆ. ಒಂದು ಪೆಟ್ಟಿಗೆ ತೆಗೆದುಕೊಂಡೆ. "ಏನಪ್ಪಾ, ಪಾರ್ಟಿನಾ?" ಅಂದಳು. ಬೀಗ ಮರೆತೆ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಪೆಟ್ಟಿಗೆಯನ್ನು ಪಕ್ಕದ ಸೀಟಿನಲ್ಲಿಟ್ಟೆ. ಸೀಟಿನ ಮೇಲೆ ಭಾರ ಬಿದ್ದದ್ದಕ್ಕೆ, ಬೆಲ್ಟ್ ಹಾಕಿ ಅಂತ ಗಾಡಿ ಬಡಿದುಕೊಳ್ಳಲು ಶುರುಮಾಡಿತು. ನಾನು ಬಗ್ಗಿ ಅದಕ್ಕೆ ಬೆಲ್ಟ್ ಹಾಕಿದೆ.