ಮೂರನೆಯ ಮಂಚದ ದರ್ಜಿ

ದರ್ಜಿ ತೀರಿಕೊಂಡ ಸುದ್ದಿ ಬಂದಾಗ ಆಯಮ್ಮ ಮನೋರೋಗ ತುರ್ತು ವಾರ್ಡಿನ ಮೂರನೆಯ ಮಂಚಕ್ಕೆ ಹೊಸ ಹಾಸು ಹಾಕುತ್ತಿದ್ದಳು. ಸುದ್ದಿ ತಂದವಳು ಅವನ ಅಕ್ಕ. ಅವನಿಗೆ ಹೊದಿಸಿ ಕಳಿಸಿದ್ದ ಆಸ್ಪತ್ರೆಯ ಕಂಬಳಿಯನ್ನು ಒಗೆದು, ಮಡಿಸಿ ಎದೆಗವಚಿಕೊಂಡು ಬಂದಿದ್ದಳು.

"ಮನೆ ಸೇರಿದ ಮಾರನೇ ದಿನವೇ, ಆಯಮ್ಮ. ಮಲಗಿದವನು ಮಲಗಿದ ಹಾಗೇ. ಎದೆ ನಿಂತುಹೋಯ್ತು ಅಂದ್ರು."

ಆಯಮ್ಮ ಮಂಚದ ಅಂಚಿಗೆ ಕುಳಿತಳು.

ಎರಡು ವರ್ಷಗಳಿಂದ ಐಸ್ ಎಂಬ ಬಿಳಿ ಹರಳಿನ ಮಾದಕದ ಕಾಟ ಊರಿಗೆ ಹಿಡಿದಿತ್ತು. ಹಿಂದೆ ತಿಂಗಳಿಗೊಬ್ಬರು ಬಂದರೆ ಹೆಚ್ಚು. ಈಗ ದಿನಕ್ಕೆ ಮೂವರು. ಮಂಚಗಳೋ ಆರೇ ಆರು. ನಿದ್ದೆಗೆಟ್ಟು ಹೊಲಿಯಲೆಂದು ದರ್ಜಿ ಅದರ ರುಚಿ ನೋಡಿದ್ದ. ಕೊನೆಗೆ ಗೋಡೆಯೊಳಗೆ ಯಾರೋ ಇದ್ದಾರೆಂದು ಕತ್ತರಿ ಹಿಡಿದು ನಿಂತವನನ್ನು ನಾಲ್ವರು ಹೊತ್ತು ತಂದಿದ್ದರು. ಎರಡು ದಿನ ಕೂಗಾಡಿ, ಮೂರನೆಯ ದಿನ ಸತ್ತಂತೆ ನಿದ್ದೆಹೋದ.

ರೋಗಿ ನಿದ್ದೆಹೋದನೆಂದರೆ ಕಾಯಿಲೆ ಇಳಿಯಿತು ಎಂಬುದು ಆಯಮ್ಮನ ಮೂವತ್ತು ವರ್ಷದ ಲೆಕ್ಕ. ಡಾಕ್ಟರು ಕೂಡ ಅವಳನ್ನು ಕೇಳಿಯೇ ಕಳಿಸುತ್ತಿದ್ದರು. ದರ್ಜಿ ನಿದ್ದೆಹೋದ ದಿನ ಹೊರಗೆ ಸ್ಟ್ರೆಚರಿನ ಮೇಲೆ ಇನ್ನೊಬ್ಬ ಮಂಚಕ್ಕೆ ಕಾಯುತ್ತ ಕಿರುಚುತ್ತಿದ್ದ.

"ತಾಯೀ, ಕಳಿಸಿ ಅಂದವಳು ನಾನೇ," ಎಂದಳು ಆಯಮ್ಮ. "ಮಗು ಥರ ಮಲಗಿದ್ದಾನೆ ಸಾರ್, ಮನೇಲಿ ಮಲಗಲಿ ಅಂದೆ. ಈ ಬಾಯಿಂದಲೇ ಅಂದೆ."

ಅಕ್ಕ ಮುಖ ತಿರುಗಿಸಿ ಕಿಟಕಿಯ ಕಡೆ ನೋಡುತ್ತ ನಿಂತಳು. ಆಮೇಲೆ ಕೇಳಿದಳು: "ಇಲ್ಲಿ ಒಂದು ಸಲನಾದ್ರೂ ನಮ್ಮವನ ಥರ ಮಾತಾಡಿದ್ನಾ? ಮನೇಲಿ ವರ್ಷದಿಂದ ಬರೀ ಬೈಗುಳ."

"ಮಾತಾಡಿದ್ನಮ್ಮ. ಎರಡೂ ಕೈ ಕಟ್ಟಿದ್ವಿ. ಗಂಜಿ ಕುಡಿಸ್ತಿದ್ರೆ, ನನ್ನ ಯೂನಿಫಾರಂ ಕೋಟು ನೋಡಿ, 'ಆಯಮ್ಮ, ಈ ಕೋಟು ಹೊಲಿದ ಪುಣ್ಯಾತ್ಮ ಯಾರು? ಒಂದು ತೋಳು ನಿಮ್ಗೆ, ಇನ್ನೊಂದು ಆನೆಗೆ ಅಳತೆ ತಗೊಂಡಿದ್ದಾನೆ' ಅಂದ."

ಅಕ್ಕ ಫಕ್ಕನೆ ನಕ್ಕಳು. ನಗುತ್ತಲೇ ಕಂಬಳಿಯಲ್ಲಿ ಮುಖ ಹುದುಗಿಸಿದಳು. ಆಯಮ್ಮ ಅವಳ ಬೆನ್ನು ಸವರಿದಳು.

ಡಾಕ್ಟರು ಬಾಗಿಲಲ್ಲಿ ಇಣುಕಿದರು. "ಆಯಮ್ಮ, ಐದನೇ ಮಂಚದ ಹುಡುಗಿ ಮಲಗಿದ್ಲಲ್ಲ, ಕಳಿಸೋಣ್ವಾ? ಹೊರಗೆ ಇಬ್ಬರು ಕಾಯ್ತಿದ್ದಾರೆ."

"ಬೇಡ ಸಾರ್." ಆಯಮ್ಮ ಎದ್ದು ನಿಂತಳು. "ಇನ್ನು ನನ್ನನ್ನ ಕೇಳಬೇಡಿ. ಈ ನಿದ್ದೆ ಎಂಥದ್ದು ಅಂತ ನನಗೆ ತಿಳಿಯಲ್ಲ. ಎದೆ ನೋಡಿ, ನಾಡಿ ನೋಡಿ. ಬಂದವರಲ್ಲಿ ಒಬ್ಬರಿಗೆ ಮೂರನೇ ಮಂಚ ಇದೆ. ಇನ್ನೊಬ್ಬರಿಗೆ ನೆಲದ ಮೇಲೆ ಹಾಸ್ತೀನಿ."

ಡಾಕ್ಟರು ಕಂಬಳಿ ಹಿಡಿದು ನಿಂತ ಅಕ್ಕನನ್ನು ನೋಡಿದರು. ಕೊರಳಿನ ಸ್ಟೆತೊಸ್ಕೋಪು ತೆಗೆದು ಐದನೆಯ ಮಂಚದತ್ತ ನಡೆದರು.

ಆಯಮ್ಮ ಹುಡುಗಿಯ ತಲೆದೆಸೆಯಲ್ಲಿ ನಿಂತು ಕಣ್ಣು ಮುಚ್ಚಿದಳು. ಅಕ್ಕನೂ ಬಂದು ಪಕ್ಕದಲ್ಲಿ ಕೈಮುಗಿದಳು. ಆಯಮ್ಮ ಬೇಡಿಕೊಂಡಳು:

"ದೇವರೇ, ನಮ್ಮ ದರ್ಜಿ ಬಹಳ ದಣಿದು ನಿನ್ನ ಬಳಿ ಬಂದಿದ್ದಾನೆ. ತಪ್ಪೇನಿದ್ದರೂ ನನ್ನ ಮೇಲಿರಲಿ. ಅವನನ್ನು ಹತ್ತಿರ ಕರೆದುಕೋ, ಅವನ ಜೀವಕ್ಕೆ ಶಾಂತಿ ಕೊಡು."