ನೆರಳಲ್ಲಿ ಒಣಗಿದ್ದು

ಬೀರುವಿನಲ್ಲಿದ್ದುದನ್ನೆಲ್ಲ ಮಂಚದ ಮೇಲೆ ಸುರಿದು ಮಗಳು ಮತ್ತೊಮ್ಮೆ ತಡಕಾಡಿದಳು. ಅಮ್ಮನ ನೀಲಿ ರೇಷ್ಮೆ ಸೀರೆ ಇರಲಿಲ್ಲ.

"ಮೊನ್ನೆ ತಾನೇ ಉಟ್ಕೊಂಡಿದ್ಲಲ್ಲ ಅಪ್ಪ. ಎಲ್ಲಿಗೆ ಹೋಗುತ್ತೆ?"

"ಅದನ್ನೇ ಉಡಿಸಿ ಕಳಿಸಿ ಅಂತ ಅಕ್ಕ ಎಷ್ಟು ಸಲ ಹೇಳಿದ್ಲು," ಬಾಗಿಲಲ್ಲಿ ನಿಂತಿದ್ದ ನಾದಿನಿ ಮೂಗೊರೆಸಿಕೊಂಡಳು. "ಮದುವೆಯಾದ ವರ್ಷದ ರೇಷ್ಮೆ, ಇವತ್ತಿಗೂ ನಿನ್ನೆ ತಂದ ಹಾಗಿದೆ. ಭಾವ, ನೀವೇನಾದ್ರೂ ಎತ್ತಿಟ್ಟಿದ್ದೀರಾ?"

"ನಾನ್ಯಾಕೆ ಎತ್ತಿಡ್ಲಿ?"

"ಮತ್ತೆ ಹಾಗ್ಯಾಕೆ ನೋಡ್ತೀರಿ? ನಾವೇನು ಟಿಕೆಟ್ ಇಲ್ಲದೆ ಹತ್ತಿದವರಾ?"

ಅವನು ನೋಡುತ್ತಿದ್ದುದು ಅವರನ್ನಲ್ಲ, ಬಟ್ಟೆಯ ರಾಶಿಯನ್ನು. ಬಸ್ಸುಗಳ ತಪಾಸಣೆ ಮಾಡಿ ನಿವೃತ್ತನಾದವನು ಅವನು. ಯಾರ ಕೈ ಬೇಗ ಜೇಬಿಗೆ ಹೋಗುತ್ತದೆ, ಯಾರು ಇದ್ದಕ್ಕಿದ್ದಂತೆ ಕಿಟಕಿಯಾಚೆ ಕುತೂಹಲ ತಾಳುತ್ತಾರೆ ಎಂಬುದನ್ನು ಮೆಟ್ಟಿಲು ಹತ್ತುವಾಗಲೇ ಹಿಡಿಯುತ್ತಿದ್ದ. ಕೆಲಸ ಬಿಟ್ಟರೂ ಕಣ್ಣು ಬಿಟ್ಟಿರಲಿಲ್ಲ. ರೇಷ್ಮೆಯೊಂದೇ ಅಲ್ಲ, ಹೆಂಡತಿಯ ಉಣ್ಣೆಯ ಸ್ವೆಟರೂ ಇಲ್ಲ, ಕೆಂಪು ಶಾಲೂ ಇಲ್ಲ. ಹೊರಕೋಣೆಯಲ್ಲಿ ಅವಳು ಬಿಳಿಯ ದುಪ್ಪಟಿಯ ಕೆಳಗೆ ಮಲಗಿದ್ದಳು. ಇಷ್ಟು ವರ್ಷಗಳಲ್ಲಿ ಅವಳೊಬ್ಬಳನ್ನು ಅವನು ತಪಾಸಣೆ ಮಾಡಿರಲಿಲ್ಲ.

ಹಿತ್ತಲ ಬಾಗಿಲು ತಟ್ಟಿದ ಸದ್ದಾಯಿತು. ಸಾಂತ್ವನ ಹೇಳಲು ಬಂದವರೆಲ್ಲ ಮುಂಬಾಗಿಲಿಂದ ಬರುತ್ತಿದ್ದರೆ, ಇಲ್ಲಿ ನಿಂತಿದ್ದವನು ಹಿಂದಿನ ಮನೆಯ ಲೈನ್‌ಮ್ಯಾನ್. ಒಂಟಿ ಮನುಷ್ಯ. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವನು. ಹಾಗೆಂದರೆ ಹಗಲೆಲ್ಲ ಮನೆಯಲ್ಲೇ ಇದ್ದವನು. ಅವನ ಎರಡೂ ಕೈಗಳ ಮೇಲೆ ಮಡಚಿದ ಬಟ್ಟೆಗಳಿದ್ದವು. ಮೇಲುಗಡೆ ನೀಲಿ ರೇಷ್ಮೆ.

"ಒಣಗಿತ್ತು," ಎಂದ ಲೈನ್‌ಮ್ಯಾನ್. "ಇವತ್ತು ಬೇಕಾಗಬಹುದು ಅಂತ ತಂದೆ."

ನಾದಿನಿ ತೆಗೆದುಕೊಂಡಳು. "ಮಡಿಕೆ ನೋಡೇ, ಥೇಟ್ ನಿಮ್ಮಮ್ಮನದೇ," ಎಂದು ಮಗಳಿಗೆ ಹೇಳಿದವಳು, ಭಾವನ ಮುಖ ನೋಡಿ ಬಟ್ಟೆಗಳನ್ನು ಎದೆಗೆ ಒತ್ತಿಕೊಂಡಳು.

ಒಂದೇ ಗೆರೆಯಲ್ಲಿ ಮಡಚುತ್ತ ಹೋದರೆ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ ಎಂದು ಹೆಂಡತಿ ಪ್ರತಿಸಲ ಮಡಿಕೆ ಬದಲಾಯಿಸುತ್ತಿದ್ದಳು. ಇದೂ ಹಳೆಯ ಗೆರೆ ತಪ್ಪಿಸಿ ಮಡಚಿದ್ದು.

"ನೀವು ಮಡಚಿದ್ದಾ?" ಅವನು ಕೇಳಿದ.

"ಹೂಂ."

"ಯಾರು ಹೇಳಿಕೊಟ್ರು?"

"ನೋಡಿ ನೋಡಿ ಬಂತು," ಎಂದು ಲೈನ್‌ಮ್ಯಾನ್ ಹೊರಟುಹೋದ.

ನೋಡಿ ನೋಡಿ! ಆ ಮಾತು ಅವನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಅಡ್ಡಕ್ಕೆ ಕೂತಿತು.

*

ಅವನು ಕೆಲಸದಲ್ಲಿದ್ದಾಗ ಡಿಪೋದಲ್ಲಿ ಎಲ್ಲರ ಖಾಕಿಯೂ ಭುಜದ ಮೇಲೆ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಅವನದು ಮಾತ್ರ ಹಾಗೇ ಉಳಿಯುತ್ತಿತ್ತು. "ನಿಂಗೆ ಮಾತ್ರ ಸಾಹೇಬರ ಬಟ್ಟೆಯ ಥಾನಿಂದ ಹರಿದು ಕೊಡ್ತಾರೇನಯ್ಯ?" ಎಂದು ಕಂಡಕ್ಟರುಗಳು ಕಾಲೆಳೆಯುತ್ತಿದ್ದರು.

ಒಂದು ಸಂಜೆ ಹೆಂಡತಿಯನ್ನು ಕೇಳಿದ. ಅವಳು ಅವನ ಅಂಗಿಯ ಕಂಕುಳಲ್ಲಿ ಬಿಟ್ಟಿದ್ದ ಹೊಲಿಗೆಯನ್ನು ಕೂಡಿಸುತ್ತ ಕೂತಿದ್ದಳು. ಹರಕನ್ನು ಹಾಗೇ ನೀರಿಗೆ ಹಾಕಿದರೆ ಬಾಯಿ ದೊಡ್ಡದಾಗುತ್ತದೆಂದು ಮೊದಲು ಹೊಲಿದು ಆಮೇಲೆ ಒಗೆಯುತ್ತಿದ್ದಳು.

"ಅದೇನು ಮಂತ್ರ ಹಾಕ್ತೀಯೇ?"

"ಒಳಮೈ ಹೊರಗೆ ಮಾಡಿ, ತಣ್ಣೀರಲ್ಲಿ ಅದ್ದಿ, ನೆರಳಿಗೆ ಹಾಕಿದ್ರೆ ಬಣ್ಣ ಎಲ್ಲಿಗೆ ಹೋಗುತ್ತೆ?" ಎಂದು ಹಲ್ಲಿನಿಂದ ನೂಲು ಕಡಿದಳು.

ಅವರ ಮನೆಯ ಅಂಗಳದಲ್ಲಿ ಬೆಳಗಿನಿಂದ ಸಂಜೆಯವರೆಗೂ ಬಿಸಿಲು. ನೆರಳೆಂದರೆ ಗೋಡೆಯ ಬುಡದಲ್ಲಿ ಬೆಕ್ಕು ಮಲಗುವಷ್ಟು. ಯಾವ ನೆರಳು ಎಂದು ಅವನು ಕೇಳಲಿಲ್ಲ. ಬೆಳಗಾಗುವ ಮೊದಲೇ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದವನಿಗೆ ಬಟ್ಟೆಗಳು ಕಾಣುತ್ತಿದ್ದುದು ಬೀರುವಿನಲ್ಲೇ. ನಿವೃತ್ತನಾದ ಮೇಲೂ ಹಗಲು ಡಿಪೋದ ಗೆಳೆಯರ ಜೊತೆಯೇ ಕಳೆಯುತ್ತಿತ್ತು.

*

ನಾದಿನಿ ಅಕ್ಕನ ಮೈಮೇಲಿನ ರೇಷ್ಮೆಯ ಅಂಚನ್ನು ಸರಿಮಾಡುತ್ತಿದ್ದಳು. ಅವನು ಹತ್ತಿರ ಹೋಗಿ ದನಿ ತಗ್ಗಿಸಿದ.

"ಇವಳು ಹಿಂದಿನ ಮನೆಗೆ ಹೋಗ್ತಿದ್ದದ್ದು ನಿನಗೆ ಗೊತ್ತಿತ್ತಾ?"

"ಬಟ್ಟೆ ಒಣಗಿಸೋಕಾ? ಬೀದಿಗೇ ಗೊತ್ತು. ಬಕೆಟ್ ಹೊತ್ಕೊಂಡು ಯಾರಾದ್ರೂ ಕದ್ದು ಹೋಗ್ತಾರಾ ಭಾವ?"

"ನನಗ್ಯಾಕೆ ಹೇಳಲಿಲ್ಲ?"

ನಾದಿನಿ ತಲೆಯೆತ್ತಲಿಲ್ಲ. "ಹೇಳಿದ್ರೆ ಹೋಗೋಕೆ ಬಿಡ್ತಿದ್ರಾ?"

ಶ್ಮಶಾನದ ಗಾಡಿ ಬರುವುದು ಇನ್ನೂ ತಡ ಎಂದು ಯಾರೋ ಹೇಳಿದರು. ಅವನು ಹಿತ್ತಲಿಗೆ ಇಳಿದು, ಗೋಡೆಯ ಸಂದಿನಲ್ಲಿ ತೂರಿ ಆ ಮನೆಯ ಹಿಂಭಾಗಕ್ಕೆ ಬಂದ. ಮೆಟ್ಟಿಲ ಮೇಲೆ ಕೂತಿದ್ದ ಲೈನ್‌ಮ್ಯಾನ್ ಎದ್ದು ನಿಂತ.

"ಇನ್ನೂ ಏನಾದ್ರೂ ಉಳಿದಿದೆಯಾ?" ಬಸ್ಸಿನಲ್ಲಿ ಕೇಳುತ್ತಿದ್ದ ದನಿಯೇ ಬಂತು.

"ಒಂದಿದೆ ಸಾರ್. ಹಸಿ ಇತ್ತು, ಅದಕ್ಕೆ ತರಲಿಲ್ಲ."

ಹಿಂದಿನ ಜಗಲಿ ತಂಪಾಗಿತ್ತು. ಈ ಕೊನೆಯಿಂದ ಆ ಕೊನೆಗೆ ಹಗ್ಗ. ಅವನ ಕಣ್ಣು ತಾನಾಗಿಯೇ ಹುಡುಕಿತು: ಎರಡನೆಯ ಕುರ್ಚಿ, ಎರಡನೆಯ ಲೋಟ, ಮರೆತುಹೋದ ಬಾಚಣಿಗೆ. ಕುರ್ಚಿಯೇ ಇರಲಿಲ್ಲ. ಹಗ್ಗದ ಮೇಲೆ ಒಂದೇ ಒಂದು ಅಂಗಿ ಒಳಮೈ ಹೊರಗಾಗಿ, ಗುಂಡಿ ಹಾಕಿಸಿಕೊಂಡು ತಲೆಕೆಳಗಾಗಿ ನೇತಾಡುತ್ತಿತ್ತು. ಅವನದೇ. ನಿನ್ನೆ ಸಂಜೆ ಅವಳು ಕೊನೆಯದಾಗಿ ಒಗೆದದ್ದು.

"ಇಲ್ಲಿ ಕೂರ್ತಿದ್ಲಾ?"

"ಇಲ್ಲ. ಹಾಕಿ ಹೋಗೋರು. ಸಂಜೆ ಬಂದು ತಗೊಂಡು ಹೋಗೋರು."

"ಮಾತು?"

"ಗಾಳಿ ಬಂದ್ರೆ ಕ್ಲಿಪ್ಪು ನೋಡ್ಕೊಳ್ಳಿ ಅನ್ನೋರು."

"ಅಷ್ಟೇನಾ? ಬೇರೆ ಏನೂ ಇಲ್ವಾ?"

ಲೈನ್‌ಮ್ಯಾನ್ ನಿಜವಾಗಿಯೂ ನೆನಪು ಮಾಡಿಕೊಂಡ. "ಮಳೆ ಹನಿದ್ರೆ ಒಳಗೆ ತಗೊಳ್ಳಿ ಅನ್ನೋರು," ಎಂದ. ಆಮೇಲೆ ಬೇರೆ ಕಡೆ ತಿರುಗಿದ.

ಬೀದಿಯಲ್ಲಿ ಹಾರ್ನ್ ಕೇಳಿಸಿತು. "ಅಪ್ಪಾ, ಗಾಡಿ ಬಂತು!" ಮಗಳ ಕೂಗು.

ಅವನು ಅಂಗಿಯನ್ನು ಎಳೆದುಕೊಂಡ. ಕಾಲರು ಇನ್ನೂ ಹಸಿಯಾಗಿತ್ತು. ಗಾಡಿ ಆ ಮನೆಯ ಮುಂದಿನ ಅಗಲ ಬೀದಿಯಲ್ಲೇ ನಿಂತಿದ್ದುದರಿಂದ ಮನೆಯ ಪಕ್ಕದಿಂದಲೇ ಮುಂದಿನ ಅಂಗಳಕ್ಕೆ ಬಂದ. ಕಣ್ಣು ಕುಕ್ಕುವ ಬಿಸಿಲು. ಅಲ್ಲಿ, ಎರಡು ಕಂಬಗಳ ನಡುವೆ ಬಿಗಿದ ತಂತಿಯ ಮೇಲೆ ಲೈನ್‌ಮ್ಯಾನನ ಅಂಗಿಗಳು ಸಾಲಾಗಿ ಒಣಗುತ್ತಿದ್ದವು. ಭುಜಗಳು ಸುಟ್ಟು ಬೆಳ್ಳಗಾಗಿದ್ದವು. ಯಾವುದು ಒಮ್ಮೆ ಹಸಿರಾಗಿತ್ತು, ಯಾವುದು ಕಂದಾಗಿತ್ತು ಎಂದು ಹೇಳುವಂತಿರಲಿಲ್ಲ. ಅವನು ಹಿಂತಿರುಗಿ ನೋಡಿದ. ಪಕ್ಕದ ಸಂದಿನಾಚೆ, ಮನೆಯ ಹಿಂದೆ ನೆರಳಲ್ಲಿ, ಲೈನ್‌ಮ್ಯಾನನ ಒಂದು ಅಂಗಿಯೂ ಇಲ್ಲದೆ ಅಷ್ಟುದ್ದದ ಹಗ್ಗ ಖಾಲಿಯಾಗಿ ತೂಗುತ್ತಿತ್ತು.