ನೆಲ ತಟ್ಟಿದ ಕೈ

ಕಿಟ್ವೆ ಪಟ್ಟಣದ ಗಣಿ ಕೆಲಸಗಾರರ ಕೇರಿಯಲ್ಲಿ ಆ ಬೆಳಿಗ್ಗೆ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತವರಿಗೆಲ್ಲ ಒಂದೇ ಮಾತು. ಹನ್ನೆರಡು ವರ್ಷದ ಮ್ವಾಬಾ ಶಾಲೆಯಲ್ಲಿ ಜೊತೆಯ ಹುಡುಗಿಯ ಹಲ್ಲು ಮುರಿದಿದ್ದಾಳೆ. ಅವಳ ತಾಯಿಯನ್ನು ಕೇರಿಯವರು ಮಗಳ ಹೆಸರಿನಿಂದಲೇ ಬನಾ ಮ್ವಾಬಾ, ಅಂದರೆ ಮ್ವಾಬಾಳ ಅಮ್ಮ, ಎಂದು ಕರೆಯುತ್ತಿದ್ದರು. ಅಂದು ಯಾರಾದರೂ ಹಾಗೆ ಕರೆದರೆ ಅವಳಿಗೆ ನೆಲದೊಳಗೆ ಇಳಿದುಹೋಗುವಂತಾಗುತ್ತಿತ್ತು.

"ಇನ್ನೊಂದ್ಸಲ ಹೀಗಾದ್ರೆ ಶಾಲೆಯಿಂದ ಹೆಸರು ತೆಗೆದುಹಾಕ್ತಾರಂತೆ," ಎಂದು ಅವಳು ಪಕ್ಕದ ಮನೆಯ ಬನಾ ಲೊಂಬೆಗೆ ಹೇಳಿದಳು. "ಎಷ್ಟು ಹೊಡೆದ್ರೂ ಬುದ್ಧಿ ಬರ್ತಿಲ್ಲ ಕಣೇ."

ಬನಾ ಲೊಂಬೆ ಮನೆಮನೆಗೆ ಹೋಗಿ ಮಕ್ಕಳ ತೂಕ ನೋಡುವ ಆರೋಗ್ಯ ಕಾರ್ಯಕರ್ತೆ. "ಚರ್ಚಿನ ಹಾಲ್‌ನಲ್ಲಿ ಕಲುಂಬಾ ಮೇಷ್ಟ್ರು ಜೂಡೊ ಕಲಿಸ್ತಾರೆ. ನಮ್ಮ ಲೊಂಬೆನೂ ಹೋಗ್ತಾನೆ. ಇವಳನ್ನೂ ಕಳಿಸು."

"ನಿನಗೆ ತಲೆಗಿಲೆ ಕೆಟ್ಟಿದೆಯಾ? ಈಗ ಹಲ್ಲು ಮುರೀತಾಳೆ. ಅದನ್ನೂ ಕಲಿತ್ರೆ ಕೈಕಾಲು ಮುರೀತಾಳೆ."

"ಅಲ್ಲಿ ಗುದ್ದೋದು, ಒದೆಯೋದು ಏನೂ ಇಲ್ಲ. ಮೊದಲು ಬೀಳೋದು ಕಲಿಸ್ತಾರೆ."

"ಬೀಳೋದಕ್ಕೂ ಮೇಷ್ಟ್ರು ಬೇಕಾ?"

ಅಣಕಿಸಿದರೂ ಅವಳಿಗೆ ಬೇರೆ ದಾರಿ ತೋಚಲಿಲ್ಲ. ಮಗಳನ್ನು ಕಳಿಸಿದಳು. ಎರಡು ತಿಂಗಳಾದರೂ ಅನುಮಾನ ಹೋಗಲಿಲ್ಲ. ಒಂದು ಶನಿವಾರ ತಾನೇ ಹೋಗಿ ನೋಡಿದಳು.

ಹಳೆಯ ಹಾಸಿಗೆಗಳನ್ನು ಜೋಡಿಸಿ ಮೇಲೆ ಟಾರ್ಪಾಲು ಬಿಗಿದಿದ್ದರು. ಅರವತ್ತು ದಾಟಿದ ಮೇಷ್ಟ್ರು ಮಕ್ಕಳ ಮುಂದೆ ನಿಂತು ತಲೆ ಬಾಗಿಸಿದರು. ಬನಾ ಮ್ವಾಬಾ ಬೆಚ್ಚಿದಳು. ಹಿರಿಯರು ಕಿರಿಯರಿಗೆ ಬಾಗುವುದುಂಟೇ? ಅಷ್ಟರಲ್ಲಿ ಮ್ವಾಬಾ ತನಗಿಂತ ದಪ್ಪಗಿದ್ದ ಹುಡುಗಿಯನ್ನು ಎತ್ತಿ ಕೆಡವಿ ಅದುಮಿ ಹಿಡಿದಳು. ಕೆಳಗಿದ್ದವಳು ಅಂಗೈಯಿಂದ ಹಾಸನ್ನು ಎರಡು ಸಲ ತಟ್ಟಿದಳು. ತಟ್ಟಿದ್ದೇ ತಡ, ಮ್ವಾಬಾ ಹಿಡಿತ ಬಿಟ್ಟಳು. ಕೈಕೊಟ್ಟು ಅವಳನ್ನು ಎಬ್ಬಿಸಿದಳು.

"ಗೆಲ್ತಾ ಇದ್ದವಳು ಯಾಕೆ ಬಿಟ್ಟಳು?" ಎಂದು ತಾಯಿ ಕೇಳಿದಳು.

"ಅವಳು ಸಾಕು ಅಂದಳಲ್ಲ ತಾಯೀ," ಎಂದರು ಮೇಷ್ಟ್ರು. "ತಟ್ಟಿದ ಮೇಲೂ ಬಿಡದವರಿಗೆ ಇಲ್ಲಿ ಜಾಗ ಇಲ್ಲ. ಎಂಥ ಬಲಶಾಲಿ ಆದ್ರೂ ಸರಿ."

ಅವತ್ತೇ ಸಂಜೆ ನೀರು ಹೊತ್ತು ಬಂದ ತಾಯಿಗೆ ಸೀದ ವಾಸನೆ ಹೊಡೆಯಿತು. ಒಲೆಯ ಮೇಲೆ ಶಿಮಾ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ತಳ ಹಿಡಿದಿತ್ತು. ನೋಡಿಕೊಳ್ಳಬೇಕಿದ್ದ ಮ್ವಾಬಾ ಅಂಗಳದಲ್ಲಿ ಪಟ್ಟು ಅಭ್ಯಾಸ ಮಾಡುತ್ತಿದ್ದಳು. ಮನೆಮಂದಿಯ ರಾತ್ರಿಯೂಟ ಹಾಳಾಗಿತ್ತು. ತಾಯಿ ಅವಳ ತೋಳು ತಿರುಚಿ ನೆಲಕ್ಕೆ ಒತ್ತಿ, ಹಿಟ್ಟು ತಿರುವುವ ಕೋಲಿನಿಂದ ಬಾರಿಸಿದಳು. ಒಂದು, ಎರಡು.

ಮ್ವಾಬಾಳ ಅಂಗೈ ಸಿಮೆಂಟು ನೆಲವನ್ನು ಎರಡು ಸಲ ತಟ್ಟಿತು.

ತಾಯಿ ಮತ್ತೊಂದು ಏಟು ಹಾಕಿದಳು. ಕೈ ಮತ್ತೆ ತಟ್ಟಿತು. ಎತ್ತಿದ ಕೋಲು ಎತ್ತಿದಲ್ಲೇ ನಿಂತಿತು.

ದಪ್ಪ ಹುಡುಗಿಯನ್ನೇ ಕೆಡವಿದ ಮಗಳು ಮನಸ್ಸು ಮಾಡಿದ್ದರೆ ತನ್ನನ್ನೂ ಕೆಡವಬಹುದಿತ್ತು. ಆದರೂ ಎದುರು ಕೈ ಎತ್ತಲಿಲ್ಲ. ಸಾಕು ಎಂದು ಕೇಳಿಕೊಂಡಳು, ಅಷ್ಟೇ. ಹಾಗಾದರೆ ಹಲ್ಲು ಮುರಿಯುವುದನ್ನು ಇವಳಿಗೆ ಕಲಿಸಿದ ಮೇಷ್ಟ್ರು ಯಾರು? ಕೋಲು ಹಿಡಿದ ತನ್ನ ಕೈಯನ್ನೇ ಅವಳು ಭಯದಿಂದ ನೋಡಿದಳು.

"ತಟ್ಟಿದ್ನಲ್ಲಮ್ಮಾ," ಎಂದಳು ಮ್ವಾಬಾ ಮೆಲ್ಲಗೆ. "ಕೇಳಿಸ್ಲಿಲ್ವಾ?"

ತಾಯಿಗೆ ಸುಳ್ಳು ಹೇಳಲಾಗಲಿಲ್ಲ. "ಕೇಳಿಸ್ತು ಮಗಳೇ. ಮೊದಲನೇ ಸಲಾನೇ ಕೇಳಿಸ್ತು."

ಅವಳು ತೋಳು ಬಿಟ್ಟು, ಕೈಕೊಟ್ಟು ಮಗಳನ್ನು ಎಬ್ಬಿಸಿದಳು. ಮರುದಿನ ಇಬ್ಬರೂ ಹಲ್ಲು ಮುರಿಸಿಕೊಂಡಿದ್ದ ಹುಡುಗಿಯ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿಬಂದರು. ಆ ವರ್ಷ ಶಾಲೆಯಿಂದ ಮತ್ತೆ ದೂರು ಬರಲಿಲ್ಲ.

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮೂರಲ್ಲಿ ಕುಸ್ತಿಯೋ, ಜೂಡೊವೋ, ಕರಾಟೆಯೋ ಕಲಿಸುವವರಿದ್ದರೆ ಮಕ್ಕಳನ್ನು ಕಳಿಸಿ. ಹುಡುಗಿಯರನ್ನೂ ಕಳಿಸಿ. ಬಾಗಿಲಲ್ಲಿ ಬಿಟ್ಟು ಬರಬೇಡಿ, ಒಳಗೆ ಕೂತು ನೋಡಿ. ಹಿಡಿಯುವುದರ ಜೊತೆಗೆ ಬಿಡುವುದನ್ನೂ ಕಲಿಸುತ್ತೀರಾ ಎಂದು ಮೇಷ್ಟ್ರನ್ನು ಕೇಳಿ. ಕಲಿಸುವುದಿಲ್ಲವಾದರೆ ಬೇರೆಯವರನ್ನು ಹುಡುಕಿ. ಆದರೆ ಆ ಪಾಠ ಮನೆಗೆ ಬಂದಾಗ ನೀವೂ ಕಲಿಯಬೇಕು. ಮಗು ಸಾಕು ಎಂದರೆ ಕೈ ತೆಗೆಯಿರಿ. ಎರಡನೆಯ ಸಲ ಹೇಳಿಸಬೇಡಿ.